ಮೈನಾಳ ಬೆಲೆ ಏರಿದ ಬಗೆ

ನಮ್ಮ ಮನೆಯಲ್ಲಿ ‘ಬೇಕು’ ಎಂದು ಬಾಯಿಬಿಟ್ಟು ಹೇಳುವುದು ಮರ್ಯಾದೆಗೇಡು. ಊಟಕ್ಕೆ ಕುಳಿತವರು ಬೇಡ ಬೇಡ ಎನ್ನುತ್ತ ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು, ಆದರೆ ಬೆರಳುಗಳ ನಡುವೆ ತುಪ್ಪ ಇಳಿಯುವಷ್ಟು ಸಂದಿ ಬಿಡಬೇಕು. ಬಡಿಸುವವರು ಆ ಸಂದಿಯನ್ನು ನೋಡಿಕೊಳ್ಳಬೇಕೇ ಹೊರತು ಮಾತನ್ನು ಕಿವಿಗೆ ಹಾಕಿಕೊಳ್ಳಬಾರದು. ನನ್ನ ಅಮ್ಮ ತ್ರಿಪುರಸುಂದರಿ ಈ ವಿದ್ಯೆಯಲ್ಲಿ ಪಳಗಿದವಳು. ಅಪ್ಪ ಉಮಾಮಹೇಶ್ವರ ಅವಳಿಗೆ ತಕ್ಕ ಜೋಡಿ. ಇವರ ಮಗಳಾಗಿ ಹುಟ್ಟಿದ ನಾನು ಕೊಪ್ಪದ ಕೋರ್ಟಿನಲ್ಲಿ ವಕೀಲಳು. ದಿನವಿಡೀ ಬೇರೆಯವರಿಗೆ ಬೇಕಾದದ್ದನ್ನು ಗಟ್ಟಿಯಾಗಿ ಕೇಳುವುದೇ ನನ್ನ ಕಸುಬು. ಸಂಜೆ ಮನೆಯ ಹೊಸಿಲು ದಾಟಿದರೆ ನನಗೂ ಬಾಯಿ ಕಟ್ಟುತ್ತದೆ.

ಅಪ್ಪನಿಗೆ ಬೇಕಾಗಿದ್ದದ್ದು ಒಂದು ಕುದುರೆ.

ಅಪ್ಪ ಪಶುವೈದ್ಯ. ನರಸಿಂಹರಾಜಪುರದಲ್ಲೂ ಶೃಂಗೇರಿಯಲ್ಲೂ ಜನ್ಮವಿಡೀ ದನ ಎಮ್ಮೆಗಳ ಹೊಟ್ಟೆಗೆ ಕೈ ಹಾಕಿ, ಹೋದ ವರ್ಷ ನಿವೃತ್ತನಾದ. ಬೆಂಗಳೂರಿನಲ್ಲಿ ಓದುವಾಗ ಎನ್‌ಸಿಸಿಯ ಕುದುರೆಗಳ ಮೇಲೆ ಸವಾರಿ ಕಲಿತಿದ್ದನಂತೆ. ಆಮೇಲೆ ಕೆಲಸ, ಮದುವೆ, ನಾನು, ಸ್ಕೂಟರು. ಆ ಕಾಲದ ಚರ್ಮದ ಬೂಟುಗಳನ್ನು ಮಾತ್ರ ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿ ಬಿಸಿಲಿಗಿಡುತ್ತಿದ್ದ. ಯಾಕೆ ಎಂದು ಕೇಳಿದರೆ, ‘ಸುಮ್ನೆ, ಬೂಷ್ಟು ಹಿಡಿತದಲೆ’ ಎನ್ನುತ್ತಿದ್ದ. ಈ ಬೇಸಿಗೆಯಲ್ಲಿ ಶಿವಮೊಗ್ಗದ ಮೂಳೆ ಡಾಕ್ಟರು ಅವನ ಮಂಡಿಯ ಎಕ್ಸ್‌ರೇ ನೋಡಿ, ಇನ್ನೊಂದೆರಡು ವರ್ಷಕ್ಕೆ ಆಪರೇಷನ್ ಮಾಡಲೇಬೇಕು ಎಂದರು. ‘ಕುದುರೆ ಹತ್ತಬೌದಾ?’ ಎಂದು ಅಪ್ಪ ನಗುತ್ತ ಕೇಳಿದ. ‘ಈಗ ಹತ್ತಿ. ಆಪರೇಷನ್ ಆದ ಮೇಲೆ ಮರೆತುಬಿಡಿ’ ಎಂದು ಅವರೂ ನಗುತ್ತಲೇ ಹೇಳಿದರು. ವಾಪಸ್ಸು ಬಂದ ಮೇಲೆ ಅಪ್ಪ ಆ ವರ್ಷ ಎರಡನೆಯ ಸಲ ಬೂಟುಗಳಿಗೆ ಎಣ್ಣೆ ಹಚ್ಚಿದ.

ಅದೇ ಹೊತ್ತಿಗೆ ನರಸಿಂಹರಾಜಪುರದ ಯೋಗೇಂದ್ರ ತಮ್ಮ ಕುದುರೆ ಮಾರುತ್ತಾರೆ ಎಂಬ ಸುದ್ದಿ ಬಂತು. ಯೋಗೇಂದ್ರ ಕಾಫಿ ಎಸ್ಟೇಟಿನಲ್ಲಿ ಮ್ಯಾನೇಜರಾಗಿದ್ದು, ಈಗ ಭದ್ರಾ ಹಿನ್ನೀರಿನ ಹತ್ತಿರ ಮನೆ ಕಟ್ಟಿಕೊಂಡವರು. ಬೆನ್ನುನೋವಿನಿಂದ ಅವರು ಸವಾರಿ ಬಿಟ್ಟಿದ್ದರು. ಕುದುರೆಯ ಹೆಸರು ಮೈನಾ, ಕಂದು ಬಣ್ಣದ ಹೆಣ್ಣು ಕುದುರೆ. ಒಮ್ಮೆ ಅದಕ್ಕೆ ಹೊಟ್ಟೆನೋವು ಬಂದಾಗ ಅಪ್ಪನೇ ಔಷಧ ಮಾಡಿದ್ದ. ‘ಅಂಥ ನಡಿಗೆ ಇರೋ ಕುದುರೆ ಈ ಮೂರು ತಾಲೂಕಲ್ಲಿ ಇಲ್ಲೆ’ ಎಂದು ಆಗಲೇ ಹೇಳಿದ್ದ. ಬೆಲೆ ಎರಡೂಕಾಲು ಲಕ್ಷವಂತೆ. ನಿವೃತ್ತಿಯ ದುಡ್ಡಿನಲ್ಲಿ ಅಷ್ಟು ತೆಗೆದರೆ ಯಾರ ಹೊಟ್ಟೆಗೂ ಕಡಿಮೆಯಾಗುತ್ತಿರಲಿಲ್ಲ. ಕಾರು ಹತ್ತಿ ಹೋಗಿ ಕೊಂಡು ಬಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಆದರೆ ನಮ್ಮ ಕಡೆ ದನ ಕೊಳ್ಳುವವರು ತಾವೇ ಹೋಗಿ ಬೆಲೆ ಕೇಳುವುದಿಲ್ಲ. ಆಸೆ ಮುಖದಲ್ಲಿ ಕಂಡರೆ ಬೆಲೆ ಏರುತ್ತದೆ ಎಂದು ಭಯ. ಆ ದಿಕ್ಕಿಗೆ ಬೇರೆ ಕೆಲಸಕ್ಕೆ ಹೋಗುವ ಒಬ್ಬರನ್ನು ಹಿಡಿದು, ‘ಹಂಗೇ ಮಾತಿಗೆ ಮಾತು ಬಂದಾಗ ಕೇಳು, ನಾ ಹೇಳ್ದೆ ಅಂತ ಹೇಳಡ’ ಎಂದು ಕಳಿಸುವುದು ರೂಢಿ. ಹೋದವರು ಮಳೆ, ಅಡಕೆಯ ಎಲೆಚುಕ್ಕೆ ರೋಗ, ಯಾರದೋ ಮಗಳ ಮದುವೆ ಎಲ್ಲ ಮಾತಾಡಿ, ಏಳುವಾಗ ಚಪ್ಪಲಿ ಹುಡುಕುತ್ತ, ‘ಆ ದನ ಕೊಡ್ತೀರಂತೆ ಹೌದಾ?’ ಎಂದು ಕೇಳಬೇಕು. ಅಪ್ಪ ಹೀಗೆಯೇ ಶೃಂಗೇರಿಯ ತನ್ನ ದೊಡ್ಡಪ್ಪನ ಮಗ ಶ್ರೀಕಾಂತ ಭಟ್ಟರನ್ನು ಕಳಿಸಿದ. ಅವರು ಹೋಮಕ್ಕೆಂದು ನರಸಿಂಹರಾಜಪುರಕ್ಕೆ ಹೊರಟಿದ್ದರು.

ಭಟ್ಟರು ತಂದ ಬೆಲೆ ಎರಡೂಮುಕ್ಕಾಲು.

‘ಎಂತ ಮಾರಾಯ, ವಾರದಲ್ಲಿ ಅರ್ಧ ಲಕ್ಷ ಏರ್ತಾ?’ ಎಂದು ಅಪ್ಪ ಫೋನಿನಲ್ಲಿ ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಅಂದು ಊಟಕ್ಕೆ ಕುಳಿತಾಗ ಕುದುರೆ ಮಾರುಕಟ್ಟೆಯ ಮೇಲೆ ಉಪನ್ಯಾಸ. ಮೊದಲು ಒಳ್ಳೆಯ ಸವಾರಿ ಕುದುರೆ ಒಂದು ಹೊಸ ಬೈಕಿನ ಬೆಲೆಗೆ ಸಿಗುತ್ತಿತ್ತು, ಈಗ ಕಾರಿನ ಬೆಲೆ. ರೆಸಾರ್ಟಿನವರು ಒಂದೊಂದು ಕಟ್ಟಿಕೊಂಡಿದ್ದಾರೆ. ಮದುವೆಯಲ್ಲಿ ನಮ್ಮ ಗಂಡುಮಕ್ಕಳೂ ಉತ್ತರದವರ ಹಾಗೆ ಕುದುರೆ ಏರುತ್ತಾರೆ. ರೀಲ್ಸ್ ಮಾಡುವವರು ಬೇರೆ. ‘ಹತ್ತೋರು ಯಾರೂ ಇಲ್ಲೆ, ಕೊಳ್ಳೋರು ಮಾತ್ರ ಎಲ್ಲರೂ’ ಎಂದು ಅಪ್ಪ ಮಜ್ಜಿಗೆ ಕುಡಿದು ಎದ್ದ. ಅಮ್ಮ ಎಲೆ ತೆಗೆದಳು.

ನನಗೆ ತಡೆಯಲಾಗಲಿಲ್ಲ. ನಾನೇ ಕೊಡಿಸಿಬಿಡೋಣ ಎಂದುಕೊಂಡೆ. ಅಪ್ಪನಿಗೆ ಗೊತ್ತಾದರೆ ‘ನಂಗೆಂತಕ್ಕೆ’ ಎಂದು ಅಲ್ಲಿಗೇ ತಳ್ಳಿಹಾಕುತ್ತಾನೆ, ಹಾಗಾಗಿ ಗುಟ್ಟು. ನನ್ನ ಜೊತೆಯ ವಕೀಲ ರಾಜಶೇಖರ್‌ಗೆ ನರಸಿಂಹರಾಜಪುರದಲ್ಲಿ ಒಂದು ಕೇಸಿತ್ತು. ‘ಹಂಗೇ ಮಾತಿಗೆ ಮಾತು ಬಂದಾಗ ಕೇಳಿ, ನಾನು ಹೇಳಿದ್ದು ಅನ್ಬೇಡಿ’ ಎಂದೆ. ಹೇಳುವಾಗ ನನ್ನ ಬಾಯಿಂದ ಅಪ್ಪನ ದನಿಯೇ ಬಂದ ಹಾಗಾಯಿತು, ಆದರೂ ಬುದ್ಧಿ ಬರಲಿಲ್ಲ. ರಾಜಶೇಖರ್ ತಂದ ಬೆಲೆ ಮೂರೂವರೆ.

ಅಪ್ಪ ಮತ್ತೊಮ್ಮೆ ಶ್ರೀಕಾಂತ ಭಟ್ಟರಿಂದ ಫೋನು ಮಾಡಿಸಿದ. ಈ ಸಲ ನಾಲ್ಕು.

ಅಪ್ಪ ಉಪನ್ಯಾಸ ಮಾಡಲಿಲ್ಲ. ಮಾರನೆಯ ದಿನ ಬೆಳಿಗ್ಗೆ ನಾನು ಕೋರ್ಟಿಗೆ ಹೊರಡುವಾಗ ಬೂಟುಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದ. ‘ನಾಟಕದ ಮಕ್ಕಳು ಯಾರೋ ಕೇಳಿದ್ರು, ಕೊಟ್ಟುಬಿಡ್ತೆ. ಇಟ್ಕಂಡು ಎಂತ ಮಾಡದು?’ ಎಂದ. ಮುಖದಲ್ಲಿ ಬೇಸರದ ಸುಳಿವೂ ಇರಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು. ಅವನು ಕೂಗಾಡಿದ್ದರೆ ನಾನು ಇಷ್ಟು ಸಂಕಟಪಡುತ್ತಿರಲಿಲ್ಲ.

ಕೋರ್ಟಿಗೆ ಹೋಗದೆ ಕಾರನ್ನು ನರಸಿಂಹರಾಜಪುರದ ಕಡೆ ತಿರುಗಿಸಿದೆ.

ಯೋಗೇಂದ್ರ ಬೇಲಿಯ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಬೇಲಿಯ ಆಚೆ ಮೈನಾ ತಲೆ ತಗ್ಗಿಸಿ ಮೇಯುತ್ತಿತ್ತು. ನಾನು ಮಳೆಯ ಮಾತೂ ಎತ್ತದೆ, ಅಡಕೆಯ ಮಾತೂ ಎತ್ತದೆ, ‘ಬೆಲೆ ಯಾಕೆ ಹೀಗೆ ಏರಿಸ್ತಾ ಇದೀರಿ?’ ಎಂದೆ.

‘ಏರಿಸದೆ ಎಂತ ಮಾಡ್ಲಿ ತಾಯಿ?’ ಎಂದರು ಯೋಗೇಂದ್ರ. ‘ಮೊದಲು ಶೃಂಗೇರಿಯಿಂದ ಒಬ್ರು ಭಟ್ರು ಬಂದ್ರು. ಮಡಿಯುಟ್ಟ ಭಟ್ರಿಗೆ ಕುದುರೆ ಯಾಕೆ? ಆಮೇಲೆ ಅಡ್ಡಗದ್ದೆಯಿಂದ ಪುರುಷೋತ್ತಮ ಅಂತ ಒಬ್ರು. ಆಮೇಲೆ ಕೊಪ್ಪದ ಒಬ್ಬ ವಕೀಲ. ಆಮೇಲೆ ಮತ್ತೆ ಭಟ್ರ ಫೋನು. ಬಂದೋರು ಕಾಫಿ ಕುಡಿದ್ರು, ಅಡಕೆ ರೇಟು ಮಾತಾಡಿದ್ರು, ಚಪ್ಪಲಿ ಹಾಕ್ಕೊಳ್ತಾ ಬೆಲೆ ಕೇಳಿದ್ರು. ಯಾರಿಗೆ ಅಂದ್ರೆ ಒಬ್ರೂ ಹೇಳಲ್ಲ. ಒಬ್ರೂ ಕುದುರೆ ಮುಟ್ಲಿಲ್ಲ, ಹತ್ತಿ ನೋಡ್ತೀನಿ ಅಂತ ಕೇಳ್ಲಿಲ್ಲ. ದಲ್ಲಾಳಿಗಳು ಅಂತ ತಿಳ್ಕೊಂಡೆ. ಬೆಲೆ ಏರಿಸಿದ್ರೆ ಓಡ್ತಾರೆ ಅಂತ ಏರಿಸ್ದೆ. ಒಬ್ಬ ಓಡಿದ್ರೆ ಇನ್ನೊಬ್ಬ ಬರ್ತಿದ್ದ!’

ಭಟ್ಟರು ಅಪ್ಪ ಕಳಿಸಿದವರು. ವಕೀಲ ನಾನು ಕಳಿಸಿದವನು. ಅಡ್ಡಗದ್ದೆಯ ಪುರುಷೋತ್ತಮ ಅಮ್ಮನ ಒಡಹುಟ್ಟಿದ ಅಣ್ಣ. ನಾನು ಅಲ್ಲೇ ಬೇಲಿ ಹಿಡಿದು ನಿಂತೆ. ಮಾರುಕಟ್ಟೆಯೂ ಇಲ್ಲ, ರೀಲ್ಸ್‌ನವರೂ ಇಲ್ಲ. ಕೊಪ್ಪದ ಒಂದೇ ಮನೆಯ ಮೂರು ಜನ ಒಬ್ಬರಿಗೊಬ್ಬರು ಹೇಳದೆ ಒಂದೇ ಕುದುರೆಯ ಬೆಲೆ ಏರಿಸಿದ್ದೆವು.

‘ಈಗ ಇಷ್ಟು ಜನ ಬೆನ್ನು ಹತ್ತಿದಾರೆ ಅಂತ ಸುದ್ದಿಯಾಗಿ, ಒಬ್ಬ ರೆಸಾರ್ಟಿನೋನು ಭಾನುವಾರ ಅಡ್ವಾನ್ಸ್ ತರ್ತೀನಿ ಅಂದಿದಾನೆ’ ಎಂದರು ಯೋಗೇಂದ್ರ. ‘ನಂಗೆ ಇಷ್ಟ ಇಲ್ಲ. ಆದ್ರೆ ಹತ್ತೋರಿಲ್ದೆ ನಿಂತ ಕುದುರೆ ಕೆಡ್ತದೆ.’ ನಾನು ಯಾರ ಮಗಳೆಂದು ಹೇಳದೆಯೇ ಹೊರಟೆ, ಕೇಳಬೇಕಾದವನು ಅಪ್ಪ.

ಸಂಜೆ ಊಟದ ಮನೆಯಲ್ಲಿ ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅಪ್ಪ ಅಮ್ಮನ ಮುಖ ನೋಡಿದ.

‘ಪುರುಷೋತ್ತಮನ್ನ ನೀ ಕಳ್ಸಿದ್ದಾ?’

‘ನೀವು ಶ್ರೀಕಾಂತನ್ನ ನಂಗೆ ಹೇಳಿ ಕಳ್ಸಿದ್ರಾ?’ ಎಂದಳು ಅಮ್ಮ. ತವರಿನ ತೋಟದಲ್ಲಿ ಅವಳ ಪಾಲಿಗೆ ಬರುವ ದುಡ್ಡಿನಿಂದ ಕುದುರೆ ಕೊಂಡು ಹಿತ್ತಲ ಕೊಟ್ಟಿಗೆಯಲ್ಲಿ ಕಟ್ಟಿಸಿಬಿಡುವುದೆಂದು ಅವಳ ಲೆಕ್ಕಾಚಾರ. ‘ಬೆಳಿಗ್ಗೆ ಎದ್ದು ನೋಡ್ತಿದ್ರಿ. ಬೇಕು ಅಂತ ನೀವೂ ಹೇಳದು ಬೇಡ, ತಂದು ಕೊಟ್ಟೆ ಅಂತ ನಾನೂ ಹೇಳದು ಬೇಡ.’ ಅಷ್ಟು ಹೇಳಿ ಅವಳು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಅಪ್ಪ ಬಹಳ ಹೊತ್ತು ಅನ್ನ ಕಲಸುತ್ತಲೇ ಇದ್ದ.

ಶನಿವಾರ ಮೂವರೂ ಹೊರಟೆವು. ‘ನೀನೇ ಕೇಳಬೇಕು, ನಾನು ಬಾಯಿ ತೆರೆಯೋದಿಲ್ಲ’ ಎಂದು ಅಪ್ಪನಿಗೆ ದಾರಿಯಲ್ಲಿ ತಾಕೀತು ಮಾಡಿದ್ದೆ.

ಯೋಗೇಂದ್ರರಿಗೆ ಅಪ್ಪನನ್ನು, ಅವನ ಜೊತೆ ನನ್ನನ್ನು ನೋಡಿ ಸಂತೋಷವಾಯಿತು. ‘ಓಹೋ ಡಾಕ್ಟ್ರು! ಎಂತ ಈ ಕಡೆ?’

‘ಸುಮ್ನೆ. ಹಂಗೇ ಬಂದಿದ್ದೆ’ ಎಂದ ಅಪ್ಪ.

ನಾನು ಹಲ್ಲು ಕಚ್ಚಿದೆ. ಕಾಫಿ ಬಂತು. ಮಳೆ ತಡವಾದದ್ದು, ಹಿನ್ನೀರು ಇಳಿದದ್ದು, ಎಲೆಚುಕ್ಕೆಗೆ ಹೊಡೆಯುವ ಔಷಧ ಎಲ್ಲ ಬಂದುಹೋಯಿತು. ಅಪ್ಪ ಬೇಲಿಯ ಒಳಗೆ ಹೋಗಿ ಮೈನಾಳ ಗೊರಸು ಎತ್ತಿ ನೋಡಿದ, ಹಲ್ಲು ನೋಡಿದ, ಕುತ್ತಿಗೆಯ ಮೇಲೆ ಕೈಯಾಡಿಸಿದ. ಆ ಕೈ ಹಿಂದೆ ಬರಲು ಒಪ್ಪುತ್ತಿರಲಿಲ್ಲ. ಅದು ನಮಗೆಲ್ಲ ಕಂಡಿತು, ಯೋಗೇಂದ್ರರಿಗೂ ಕಂಡಿತು. ಆದರೂ ಅವರು ಕಾದರು. ಅಪ್ಪ ಹೊರಗೆ ಬಂದು ಕೈ ತೊಳೆದು, ‘ಸರಿ, ಬರ್ತೆ ಹಂಗಾರೆ’ ಎಂದ.

ಚಪ್ಪಲಿ ಹುಡುಕುವಾಗಲಾದರೂ ಕೇಳುತ್ತಾನೆಂದು ನೋಡಿದೆ. ಕೇಳಲಿಲ್ಲ. ಕಾರಿನಲ್ಲಿ ಕುಳಿತ. ನಾನು ಕೀಲಿ ತಿರುಗಿಸಿ, ಸಿಟ್ಟಿನಿಂದ ಗೇರು ಹಾಕಿದೆ. ಕಾರು ಗೇಟಿನ ಹತ್ತಿರ ಬಂತು. ಅಮ್ಮ ಹಿಂದಿನ ಸೀಟಿನಿಂದ ಮೆಲ್ಲಗೆ, ‘ಬೂಟು ಇನ್ನೂ ಯಾರಿಗೂ ಕೊಟ್ಟಿಲ್ಲೆ. ಡಿಕ್ಕಿಯಲ್ಲಿ ಇಟ್ಟಿದ್ದೆ’ ಎಂದಳು.

‘ನಿಲ್ಸು’ ಎಂದ ಅಪ್ಪ.

ಇಳಿದು, ನೋವಿನ ಮಂಡಿಯಲ್ಲೇ ಬಿರುಸಾಗಿ ನಡೆದು ಅಂಗಳಕ್ಕೆ ಹೋದ. ಬೂಟು ಎತ್ತಿಕೊಂಡು ನಾವೂ ಹಿಂದೆಯೇ ಹೋದೆವು.

‘ಯೋಗೇಂದ್ರರೇ, ಈ ಕುದುರೆ ನಂಗೆ ಬೇಕು’ ಎಂದ. ಕೋರ್ಟಿನಲ್ಲಿ ಕೂಗುವಷ್ಟು ಗಟ್ಟಿಯಾಗಿ ಹೇಳಿದ. ‘ಬೇರೆ ಯಾರಿಗೂ ಅಲ್ಲ, ನಂಗೇ ಬೇಕು. ಬಂದೋರೆಲ್ಲ ನಮ್ಮೋರೇ. ನಂಗೆ ಇದ್ರ ಮೇಲೆ ಕೂರ್ಬೇಕು, ಅಷ್ಟೇ.’ ಹೇಳಿ ಮುಗಿಸಿದಾಗ ಅವನ ಕಿವಿ ಕೆಂಪಾಗಿತ್ತು. ಅಪ್ಪನ ಬಾಯಿಂದ ‘ಬೇಕು’ ಎಂಬ ಶಬ್ದವನ್ನು ನಾನು ಹುಟ್ಟಿದಂದಿನಿಂದ ಕೇಳಿದ್ದು ಅದೇ ಮೊದಲು.

‘ಅಷ್ಟು ಹೇಳ್ಲಿಕ್ಕೆ ಇಷ್ಟು ಜನ ಬೇಕಾಯ್ತಾ ಮಾರಾಯ್ರೇ?’ ಎಂದು ಯೋಗೇಂದ್ರ ಎದ್ದು ಜೀನು ತರಲು ಒಳಗೆ ಹೋದರು. ‘ಮೊದ್ಲು ಹತ್ತಿ. ಬೆಲೆ ಆಮೇಲೆ.’

ಅಪ್ಪ ಬೂಟು ಹಾಕಿಕೊಂಡು ಕಲ್ಲಿನ ಕಟ್ಟೆಯ ಮೇಲೆ ನಿಂತು ಹತ್ತಿದ. ಹತ್ತುವಾಗ ನರಳಿದ. ಕುಳಿತ ಮೇಲೆ ಬೆನ್ನು ನೆಟ್ಟಗಾಯಿತು. ಮೈನಾ ಹಿನ್ನೀರಿನ ಕಡೆಗೆ ನಡೆಯಿತು, ಆಮೇಲೆ ಸಣ್ಣಗೆ ಓಡಿತು. ನನಗೆ ಗೊತ್ತಿದ್ದ ದನದ ಡಾಕ್ಟರು ಅದರ ಮೇಲೆ ಇರಲಿಲ್ಲ, ನಾನು ಹುಟ್ಟುವ ಮುಂಚಿನ ಯಾರೋ ಇದ್ದರು. ಅಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದಳು.

ತಿರುಗಿ ಬಂದಾಗ ಯೋಗೇಂದ್ರ ಎರಡೂಮುಕ್ಕಾಲು ಎಂದರು. ಮೊದಲಿನ ಬೆಲೆಗೆ ಕೊಡುವ ಮನಸ್ಸಿತ್ತಂತೆ, ಆದರೆ ಬಂದವರಿಗೆಲ್ಲ ಕೊಟ್ಟ ಕಾಫಿಯ ಖರ್ಚು ಬಿಡುವುದಿಲ್ಲವಂತೆ. ಅಪ್ಪ ಚೌಕಾಸಿ ಮಾಡದೆ ತಲೆಯಾಡಿಸಿದ. ಭಾನುವಾರ ರೆಸಾರ್ಟಿನವನು ಬರಿಗೈಯಲ್ಲಿ ತಿರುಗಿ ಹೋದನೆಂದು ಆಮೇಲೆ ತಿಳಿಯಿತು.

ಈಗ ಮೈನಾ ನಮ್ಮ ಹಿತ್ತಲಿನಲ್ಲಿದೆ. ಅಪ್ಪ ದಿನಾ ಬೆಳಿಗ್ಗೆ ಪಕ್ಕದ ನಾರ್ವೆ ಎಂಬ ಊರಿನ ದಾರಿಯಲ್ಲಿ ಒಂದು ಸುತ್ತು ಹೋಗಿ ಬರುತ್ತಾನೆ. ಅಮ್ಮ ಅಷ್ಟು ಹೊತ್ತೂ ಅಂಗಳದಲ್ಲಿ ಏನಾದರೊಂದು ಕೆಲಸ ಇಟ್ಟುಕೊಂಡಿರುತ್ತಾಳೆ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಾಳೆ. ಮೊನ್ನೆ ಅಪ್ಪ ಕೆಳಗಿಳಿದು, ಲಗಾಮು ಕೈಯಲ್ಲಿ ಹಿಡಿದುಕೊಂಡೇ, ‘ನೀನೂ ಒಂದ್ಸಲ ಕೂತು ನೋಡ್ತ್ಯನೇ?’ ಎಂದು ಕೇಳಿದ.

‘ಅಯ್ಯ, ನಂಗೆಂತಕ್ಕೆ! ಬೇಡಪ್ಪ ಬೇಡ’ ಎಂದಳು ಅಮ್ಮ. ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಲ್ಲೇ ನಿಂತಳು.

ನಾನು ಒಳಗೆ ಹೋಗಿ ಸ್ಟೂಲು ತಂದಿಟ್ಟೆ.