ನಾಲ್ಕನೇ ಟೇಕು

ಪರದೆಯ ಮೇಲಿನ ಹೆಂಗಸು ಎರಡನೇ ಸಲ ಬಾಗಿಲು ದಾಟಿ ಮರೆಯಾದಾಗ ಕಾಜಾ ಅಜ್ಜಿ ಕೈ ಎತ್ತಿ, "ಸ್ವಲ್ಪ ನಿಲ್ಸಪ್ಪ" ಎಂದರು. ಹಿಂದೆ ಯಂತ್ರದ ಹತ್ತಿರ ಕೂತಿದ್ದ ರೀಲಿನವನು ಗುಂಡಿ ಒತ್ತಿದ. ಚಿತ್ರ ಅಲ್ಲಿಗೇ ನಿಂತಿತು. ಅರ್ಧ ತೆರೆದ ಬಾಗಿಲು, ಅದರ ಮುಂದೆ ನಮಗೆ ಬೆನ್ನು ಹಾಕಿ ನೆಲದ ಮೇಲೆ ಕೂತ ಐದು ವರ್ಷದ ಮಗು, ಮಗುವಿನ ತಲೆಯಲ್ಲಿ ತಲೆಗಿಂತ ದೊಡ್ಡದೊಂದು ರಿಬ್ಬನ್ನು. ಅಜ್ಜಿ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಹಿಂದಲೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

ಪಕ್ಕದಲ್ಲಿದ್ದ ಸೊಸೆ ಪರದೆಯ ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ತಿರುಗಿ, ತಲೆ ಸುತ್ತುತ್ತಿದೆಯಾ, ನೀರು ಬೇಕಾ ಎಂದು ಕೇಳಿದಳು. ಅತ್ತೆಯ ಜೊತೆ ಕತ್ತಲಲ್ಲಿ ಮಾತಾಡುವ ಹಾಗಿರಲಿಲ್ಲ. ನಾಲ್ಕನೇ ವಯಸ್ಸಿನಲ್ಲಿ ಬಂದ ಜ್ವರ ಹೋಗುವಾಗ ಅವರ ಎರಡೂ ಕಿವಿಗಳನ್ನು ಕೊಂಡೊಯ್ದಿತ್ತು. ಅಂದಿನಿಂದ ತುಟಿಗಳನ್ನು ಓದುವುದೇ ಅವರ ಕೇಳಿಸಿಕೊಳ್ಳುವಿಕೆ. ಮಗನ ಟೈಲರ್ ಅಂಗಡಿಯ ಮೂಲೆಯಲ್ಲಿ ಕೂತು ದಿನವಿಡೀ ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುತ್ತಿದ್ದರು. ಹಾಗಾಗಿ ಬೀದಿಯವರೆಲ್ಲ ಇಟ್ಟ ಹೆಸರು ಕಾಜಾ ಅಜ್ಜಿ. ಬೀದಿಯ ಆಚೆ ಬದಿಯಲ್ಲಿ ನಿಂತು ಅವರನ್ನು ಆಡಿಕೊಂಡವರಿಗೂ ಉಳಿಗಾಲವಿರಲಿಲ್ಲ. ಕೈಯಲ್ಲಿನ ಸೂಜಿ ನಿಲ್ಲಿಸದೆಯೇ ಇಲ್ಲಿಂದ ಉತ್ತರ ಹೋಗುತ್ತಿತ್ತು.

ಪರದೆಯ ಮೇಲಿನ ಹೆಂಗಸು ಅವರ ತಾಯಿ. ಬೆನ್ನು ಹಾಕಿ ಕೂತ ಮಗು ಅವರೇ.

ಅದೊಂದು ಮೂಕಿ ಚಿತ್ರ. ಅದರ ಮೂಲ ಕಾದಂಬರಿಯನ್ನು ಆ ಕಾಲದಲ್ಲಿ ಓದದ ಮನೆಯೇ ಇರಲಿಲ್ಲವಂತೆ. ಎಲ್ಲರೆದುರು ಬೈದವರೇ ಹಾಸಿಗೆಯಡಿ ಬಚ್ಚಿಟ್ಟು ಓದಿದರು. ತಾಯಿಯೊಬ್ಬಳು ಹೆತ್ತ ಮಗಳನ್ನು ಯಾರದೋ ಹೊಸ್ತಿಲಲ್ಲಿ ಕೂರಿಸಿ ಹೋಗಿಬಿಡುವ ಕಥೆ ಅದು. ಚಿತ್ರ ನಾಲ್ಕು ವಾರ ಓಡಿತು. ಆಮೇಲೆ ಗೋದಾಮಿಗೆ ಬೆಂಕಿ ಬಿದ್ದು ಪ್ರತಿಗಳೆಲ್ಲ ಸುಟ್ಟುಹೋದವು. ಅಷ್ಟರಲ್ಲಿ ನಾಯಕಿಯೇ ಇರಲಿಲ್ಲ. ಹೊಸ್ತಿಲಿನ ದೃಶ್ಯ ತೆಗೆದ ದಿನ ಆಕೆ ಆ ಬಾಗಿಲಿನಿಂದ ಆಚೆ ಹೋದವಳು ತಿರುಗಿ ಬರಲಿಲ್ಲ. ಅದು ನಿಜವಾದ ಮನೆಯ ಬಾಗಿಲೂ ಅಲ್ಲ, ಹಲಗೆ ಹೊಡೆದು ನಿಲ್ಲಿಸಿದ್ದು. ಅದರ ಹಿಂದೆ ಎರಡು ಏಣಿ, ಬಣ್ಣದ ಡಬ್ಬಗಳು, ಬೀಗ ಹಾಕಿದ ಗೇಟು, ಇಷ್ಟೇ. ಗೇಟಿನಿಂದ ಒಂದು ಬೆಕ್ಕೂ ಆಚೆ ಹೋಗಿಲ್ಲ ಎಂದು ಕಾವಲಿನವನು ಕೊನೆಯವರೆಗೂ ಹೇಳಿದ. ಊರು ಅವನ ಮಾತನ್ನು ಯಾಕೆ ಕೇಳೀತು? ಯಾರದೋ ಕಾರು ಹತ್ತಿದಳು ಅಂದರು, ಕಾದಂಬರಿಯಲ್ಲಿದ್ದದ್ದನ್ನೇ ಮಾಡಿ ತೋರಿಸಿದಳು ಅಂದರು.

ಮಗುವನ್ನು ದೊಡ್ಡಮ್ಮ ಸಾಕಿದರು. ತಾಯಿ ಹೋದದ್ದಕ್ಕೆ ಅಜ್ಜಿಗೆ ಈಗ ಸಿಟ್ಟಿರಲಿಲ್ಲ. ಹೋಗಬೇಕಾದವರು ಹೋಗುತ್ತಾರೆ, ಎಪ್ಪತ್ತೇಳು ವರ್ಷ ಬದುಕಿದವರಿಗೆ ಅಷ್ಟೂ ಗೊತ್ತಾಗುವುದಿಲ್ಲವೇ? ಆದರೆ ಒಂದು ಮಾತು ಹೇಳದೆ ಹೋದಳಲ್ಲ, ಆ ಸಂಕಟ ಮಾತ್ರ ಇಂದಿಗೂ ಹಸಿಯಾಗಿತ್ತು. ಕಿವಿ ಕೇಳದ ಮಗುವಿಗೆ ಏನು ಹೇಳುವುದು ಅಂದುಕೊಂಡಳೇ? ಸೊಸೆಗೆ ಇದನ್ನು ಒಂದು ನೂರು ಸಲವಾದರೂ ಹೇಳಿದ್ದರು.

ರೀಲಿನವನಿಗೆ ಈ ತುಣುಕು ಸಿಕ್ಕಿದ್ದು ಮುಚ್ಚಿಹೋದ ಥಿಯೇಟರಿನ ಅಟ್ಟದಲ್ಲಿ, ತುಕ್ಕು ಹಿಡಿದ ಡಬ್ಬದೊಳಗೆ. ಹಳೆಯ ಚಿತ್ರಗಳನ್ನು ಕಾಪಾಡುವ ಸರಕಾರಿ ಕಚೇರಿಯಲ್ಲಿ ಅವನಿಗೆ ಕೆಲಸ. ಕಿಡಿ ಕಂಡರೆ ಉರಿದುಬೀಳುವ ಜಾತಿಯ ಫಿಲ್ಮು ಅದು. ಅವನು ಉಸಿರು ಬಿಗಿಹಿಡಿದು ನಕಲು ತೆಗೆದಿದ್ದ. ಒಂದೇ ದೃಶ್ಯವನ್ನು ನಾಲ್ಕು ಸಲ ತೆಗೆದಿದ್ದರು. ಇದು ಅದೇ ಚಿತ್ರ ಹೌದೋ ಅಲ್ಲವೋ ಎಂದು ಹೇಳಬಲ್ಲ ಜೀವ ಇನ್ನು ಒಂದೇ ಉಳಿದಿದೆ ಎಂದು ಹುಡುಕಿಕೊಂಡು ಟೈಲರ್ ಅಂಗಡಿಗೆ ಬಂದಿದ್ದ. ಇವನು ರೀಲು ಬಿಡ್ತಿದ್ದಾನೆ ಅಂತ ಸೊಸೆ ಮೊದಲು ನಂಬಲೇ ಇಲ್ಲ.

ಈಗ ಅವನು ಎದುರಿಗೆ ಬಂದು ನಿಂತು, ಈ ಜಾಗದಲ್ಲಿ 'ಮಗಳೇ, ಈ ಪಾಪಿಯನ್ನು ಕ್ಷಮಿಸು' ಎಂಬ ಅಕ್ಷರಗಳು ಪರದೆಯ ಮೇಲೆ ಬರುತ್ತಿದ್ದವಂತೆ, ಆಗಿನ ಪತ್ರಿಕೆಯಲ್ಲಿ ಬರೆದಿದ್ದಾರೆ ಎಂದು ನಿಧಾನವಾಗಿ ವಿವರಿಸಿದ. ನಾಯಕಿ ಬಾಯನ್ನು ಅತಿಯಾಗಿ ಆಡಿಸುತ್ತಾಳೆ, ಮಾತೇ ಕೇಳಿಸದ ಚಿತ್ರದಲ್ಲಿ ಇಷ್ಟೊಂದು ಬಾಯಿ ಯಾಕೆ ಎಂದು ಗೇಲಿ ಮಾಡಿದ್ದನ್ನೂ ಹೇಳಿದ.

ಅಜ್ಜಿ ನಕ್ಕುಬಿಟ್ಟರು. "ಪಾಪಿ ಗೀಪಿ ಏನೂ ಅಂತಿಲ್ಲ ಅವಳು. ಲೈಟಿನ ಕಡೆ ನೋಡಬೇಡ, ಕಣ್ಣು ಹಾಳಾಗುತ್ತೆ ಅಂತಿದಾಳೆ. ಮನೆಗೆ ಹೋದ ಮೇಲೆ ತಲೆ ಬಾಚ್ತೀನಿ, ಈ ರಿಬ್ಬನ್ ಕಟ್ಟಿದೋರಿಗೆ ಬುದ್ಧಿ ಇಲ್ಲ ಅಂತಿದಾಳೆ."

ರೀಲಿನವನು ಪರದೆಯ ಕಡೆ ತಿರುಗಿದ. ಆ ಮುಖವನ್ನು ಅವನು ತಿಂಗಳುಗಟ್ಟಲೆ ನೋಡಿದ್ದ. ಕಣ್ಣೀರು ಸುರಿಸುತ್ತ ತುಟಿ ನಡುಗಿಸುತ್ತಿದ್ದ ಆಕೆ ತಲೆ ಬಾಚುವ ಮಾತಾಡುತ್ತಿದ್ದಾಳೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು?

ಮೂರನೆಯದು ಓಡಿತು. ಅಜ್ಜಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಈ ಮಹಾರಾಯನಿಗೆ ಎಷ್ಟು ಸಲ ಮಾಡಿದರೂ ಸಾಲದು, ನೀನು ಹತ್ತು ಎಣಿಸು, ಬಾಗಿಲ ಪಕ್ಕದಿಂದ ಬಂದುಬಿಡ್ತೀನಿ ಎಂದು ತಾಯಿ ಹೇಳುತ್ತಿದ್ದಳಂತೆ. ಅಳುವ ಮುಖದಲ್ಲೇ ಡೈರೆಕ್ಟರನನ್ನು ಬೈಯುತ್ತಿದ್ದಳು. ಪರವಾಗಿಲ್ಲ, ಅತ್ತೆಯ ನಾಲಿಗೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತು ಎಂದು ಸೊಸೆ ಮನಸ್ಸಿನಲ್ಲೇ ಅಂದುಕೊಂಡಳು.

ಫಿಲ್ಮಿನ ಅಂಚಿನಲ್ಲಿರುವ ಗುರುತಿನ ಪ್ರಕಾರ ಚಿತ್ರದಲ್ಲಿ ಸೇರಿಸಿದ್ದು ಈ ಮೂರನೆಯದನ್ನೇ ಎಂದ ರೀಲಿನವನು. ಇದು ಒಪ್ಪಿಗೆಯಾದ ಮೇಲೆ ನಾಲ್ಕನೆಯದನ್ನು ಯಾಕೆ ತೆಗೆದರು ಎಂಬುದು ಎಲ್ಲಿಯೂ ಬರೆದಿಲ್ಲ, ಆಕೆಯೇ ಕೇಳಿಕೊಂಡಿರಬೇಕು ಎಂದ.

ನಾಲ್ಕನೆಯದರಲ್ಲಿ ತಾಯಿ ಅಳುತ್ತಿರಲಿಲ್ಲ. ಮಗುವಿನ ಎದುರು ಕುಕ್ಕರುಗಾಲಲ್ಲಿ ಕೂತು, ಅದರ ಎರಡೂ ಕೆನ್ನೆ ಹಿಡಿದು, ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಅಜ್ಜಿಯ ನಗು ನಿಂತಿತು. ಅವರ ತುಟಿಗಳು ಪರದೆಯ ತುಟಿಗಳ ಜೊತೆಗೇ ಸದ್ದಿಲ್ಲದೆ ಅಲುಗತೊಡಗಿದವು.

ಈ ಸಲ ಪಕ್ಕದಿಂದ ಬರೋದಿಲ್ಲ ಎಂದಳು ತಾಯಿ. ದೊಡ್ಡಮ್ಮ ಒಳ್ಳೆಯವಳು, ಅವಳು ಮಾತಾಡುವಾಗ ಬಾಯಿ ನೋಡು ಎಂದಳು. ಹೇಳದೆ ಹೋಗೋಕೆ ನನ್ನಿಂದ ಆಗೋದಿಲ್ಲ, ಅದಕ್ಕೇ ಕೇಳ್ತಿದೀನಿ ಎಂದಳು. ಆಮೇಲೆ ಕೇಳಿದಳು, "ಹೋಗ್ಲಾ?"

ರಿಬ್ಬನ್ನು ಕೆಳಗಿಳಿದು ಮೇಲೆದ್ದಿತು. ಮಗು ಗೋಣು ಹಾಕಿತ್ತು.

ತಾಯಿ ಮಗುವಿನ ತಲೆಯ ಮೇಲಿಂದ ಕಣ್ಣೆತ್ತಿ ಕ್ಯಾಮೆರಾದೊಳಗೆ ನೇರವಾಗಿ ನೋಡಿದಳು. ಉಳಿದ ಮೂರರಲ್ಲೂ ಆಕೆ ಹಾಗೆ ನೋಡಿರಲಿಲ್ಲ. "ನೀನು ಮರೆತುಬಿಡ್ತೀಯ. ದೊಡ್ಡೋಳಾದ ಮೇಲೆ ಬಂದು ನೋಡು. ಇಲ್ಲೇ ಇರ್ತೀನಿ." ಎದ್ದಳು, ಬಾಗಿಲು ದಾಟಿದಳು. ಬಾಗಿಲು ಮುಚ್ಚಿಕೊಂಡಿತು. ಕ್ಯಾಮೆರಾ ನಿಲ್ಲಿಸಲು ಯಾರಿಗೂ ತೋಚಲಿಲ್ಲವೋ ಏನೋ, ಮುಚ್ಚಿದ ಬಾಗಿಲು, ಮಗುವಿನ ಬೆನ್ನು ಬಹಳ ಹೊತ್ತು ಹಾಗೇ ಇದ್ದವು. ಮಗು ಬೆರಳು ಮಡಚಿ ಎಣಿಸುತ್ತಿತ್ತು. ಪರದೆ ಬೆಳ್ಳಗಾಯಿತು.

"ಏನಂದ್ರು ಅತ್ತೆ?" ಸೊಸೆ ಅವರ ಮೊಣಕೈ ಹಿಡಿದು ಕೇಳಿದಳು.

"ಅದೇ. ತಲೆ ಬಾಚ್ತೀನಿ ಅಂದಳು."

ಮೂವತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಜಗಳವಾಡಿದ ಸೊಸೆಗೆ ಅತ್ತೆಯ ಸುಳ್ಳು ತಿಳಿಯದೇ? ಆದರೆ ಅವರ ಮುಖ ನೋಡಿ ಅವಳು ಮೊಣಕೈಯನ್ನು ಮೆಲ್ಲಗೆ ಬಿಟ್ಟಳು. ಅಜ್ಜಿ ರೀಲಿನವನ ಕಡೆ ತಿರುಗಿ, ಕೊನೆಯದನ್ನು ಮಾತ್ರ ಇನ್ನೊಂದು ಸಲ ಹಾಕು ಎಂದರು. ಅವನು ಹಾಕಿದ.

ಸೊಸೆ ಈ ಸಲ ಪರದೆ ನೋಡಲಿಲ್ಲ, ಅತ್ತೆಯನ್ನು ನೋಡಿದಳು. ತಾಯಿಯ ತುಟಿಗಳು ಪ್ರಶ್ನೆಗೆ ಬಂದಾಗ ಅಜ್ಜಿಯ ಬಿಳಿ ತಲೆ ಅಡ್ಡಡ್ಡ ಅಲುಗಿತು. ಮೆಲ್ಲಗೆ, ಒಂದೇ ಒಂದು ಸಲ. ಬಾಗಿಲು ಮುಚ್ಚಿಕೊಂಡಿತು. "ಇನ್ನೊಂದ್ಸಲ" ಎಂದರು. ಮುಂದಿನ ಸಲ ಎರಡೂ ಕೈಗಳನ್ನೂ ಬೇಡವೆಂದು ಆಡಿಸಿದರು. ಆಮೇಲಿನ ಸಲ ಅವರ ಗಂಟಲಿನಿಂದ ಸದ್ದೊಂದು ಬಂತು, ಅವರಿಗೇ ಕೇಳಿಸದ ಸದ್ದು. ರೀಲಿನವನು ಸೊಸೆಯ ಮುಖ ನೋಡಿದ. ಹಾಕಿ, ಪರವಾಗಿಲ್ಲ ಎಂದು ಅವಳು ಸನ್ನೆ ಮಾಡಿದಳು.

ಐದನೇ ಸಲಕ್ಕೆ ಅಜ್ಜಿ ಕುರ್ಚಿ ಬಿಟ್ಟೆದ್ದು ಪರದೆಯ ಹತ್ತಿರ ಹೋಗಿ ನಿಂತಿದ್ದರು. ತಾಯಿ ಇನ್ನೂ ಬಾಯಿ ತೆರೆದಿರಲಿಲ್ಲ, ಆಗಲೇ ಅವರ ತಲೆ ಬೇಡ ಬೇಡ ಎಂದು ಅಲುಗುತ್ತಿತ್ತು. ಅವರ ನೆರಳು ಬಾಗಿಲಿನ ಮೇಲೆ ಬಿದ್ದಿತ್ತು. ಅದರ ಕೆಳಗೆ ರಿಬ್ಬನ್ನು ಇಳಿದು ಮೇಲೆದ್ದಿತು.