ನಾಲ್ಕರ ಗಾಳಿ

ಹೀಟರಿನ ಫ್ಯಾನು ನಿಂತಿದ್ದು ಅತ್ತಿಗೆಗೆ ಮೊದಲು ಗೊತ್ತಾಗಲೇ ಇಲ್ಲ. ಗೊತ್ತಾಗುವುದಾದರೂ ಹೇಗೆ? ಕಾರಿನ ಹಿಂದಿನ ಸೀಟು ಮಡಚಿ ಚಾವಣಿಯವರೆಗೆ ರಟ್ಟಿನ ಪೆಟ್ಟಿಗೆ ಪೇರಿಸಿತ್ತು, ಪೆಟ್ಟಿಗೆಗಳ ತುಂಬ ನಿನ್ನೆಯಷ್ಟೇ ಮೊಟ್ಟೆ ಒಡೆದು ಬಂದ ಕೋಳಿಮರಿಗಳು. ಆ ಗಲಾಟೆಯಲ್ಲಿ ಇಂಜಿನ್ನೇ ಕೇಳುತ್ತಿರಲಿಲ್ಲ, ಇನ್ನು ಫ್ಯಾನು ಯಾವ ಲೆಕ್ಕ! ಮೊದಲು ತಣ್ಣಗಾಗಿದ್ದು ಅವಳ ಮೂಗಿನ ತುದಿ. ಆಮೇಲೆ ಮುಂದಿನ ಗಾಜು ಮಂಜುಗಟ್ಟಿತು.

"ಏನೇ ಇದು, ಬಿಸಿಗಾಳಿ ಬರ್ತಾನೇ ಇಲ್ವಲ್ಲೇ!"

"ಬರ್ತಿದೆ ಅತ್ತಿಗೆ. ನಿಮ್ಗೆ ಬೆಳಿಗ್ಗೆಯಿಂದ ಎಲ್ಲದಕ್ಕೂ ಗಾಬರಿ" ಎಂದ ನಾದಿನಿ, ಸ್ಟೇರಿಂಗ್‌ನಿಂದ ಒಂದು ಕೈ ತೆಗೆದು ಗಾಳಿ ಬರುವ ಜಾಲರಿಯ ಮುಂದೆ ಹಿಡಿದಳು. ಹಿಡಿದವಳ ಮುಖ ಸಪ್ಪಗಾಯಿತು. "ಅಯ್ಯೋ, ಹೌದಲ್ಲ!"

ಕಾರು ರಸ್ತೆಯ ಪಕ್ಕಕ್ಕೆ ಸರಿದು ನಿಂತಿತು. ಹೊರಗೆ ಮೈ ಕೊರೆಯುವ ಚಳಿ, ಹುಲ್ಲಿನ ಮೇಲೆಲ್ಲ ಬಿಳಿ ಹಿಮ. ಹಿಂದಿನ ಊರು ಹಿಂದೆಲ್ಲೋ ಉಳಿದಿತ್ತು, ಮುಂದಿನದು ಕಣ್ಣಿಗೇ ಕಾಣುತ್ತಿರಲಿಲ್ಲ. ಒಂದು ದಿನದ ಮರಿಗೆ ಮೈಮೇಲೆ ಇರುವುದು ಎರಡೆಳೆ ತುಪ್ಪುಳ ಅಷ್ಟೇ. ಬೆಚ್ಚಗಿದ್ದರೆ ಅದು ತನ್ನಷ್ಟಕ್ಕೆ ಗೊಣಗುತ್ತಿರುತ್ತದೆ, ಚಳಿಯಾದರೆ ಕಿರುಚುತ್ತದೆ. ಈಗ ಹಿಂದಿನಿಂದ ಬರುತ್ತಿದ್ದ ಸದ್ದು ಗೊಣಗಾಟವಲ್ಲ ಅನ್ನುವುದು ಅತ್ತಿಗೆಗೆ ಕಿವಿಯಲ್ಲೇ ಗೊತ್ತಾಯಿತು. ಅವಳಿಗೆ ಈಗ ನಿಜಕ್ಕೂ ಗಾಬರಿಯಾಯಿತು.

ಯಾಕಾಗಬಾರದು? ಬಸ್ ನಿಲ್ದಾಣದ ಟಿಕೆಟ್ ಕೌಂಟರಿನ ಕೆಲಸ ಬಿಟ್ಟು ಮರಿ ಮಾಡಲು ಕೂತವಳು ಅವಳು. ಮನೆಯ ಹಿಂದಿನ ಕೋಣೆಯಲ್ಲಿ ಕಾವು ಕೊಡುವ ಯಂತ್ರ ಇಟ್ಟ ದಿನದಿಂದ ಗಂಡ ಒಂದೇ ಮಾತು ಹೇಳುತ್ತಿದ್ದ: "ದೊಡ್ಡ ಗಿರಾಕಿ ಒಬ್ಬ ಸಿಗಲಿ, ಆಗ ನಂಬ್ತೀನಿ." ಆ ದೊಡ್ಡ ಗಿರಾಕಿ ಈಗ ಸಿಕ್ಕಿದ್ದ. ಕೋಳಿ ಫಾರಂ ಯಜಮಾನ. "ಮರಿ ಜೀವಂತ ಬಂದ್ರೆ ಮುಂದಕ್ಕೂ ನೀವೇ. ಸತ್ತು ಬಂದ್ರೆ ನನಗೆ ಹಳೆಯವರೇ ಇದಾರೆ" ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದ. ಇದೊಂದು ಕೈಕೊಟ್ಟರೆ ಯಂತ್ರ ಮನೆಯಿಂದ ಆಚೆ ಹೋಗುತ್ತದೆ, ಅವಳು ಮತ್ತೆ ಆ ಗಾಜಿನ ಕಿಂಡಿಯ ಹಿಂದೆ ಕೂರಬೇಕಾಗುತ್ತದೆ.

"ನಿನ್ನ ಈ ಡಕೋಟಾ ನಂಬ್ಕೊಂಡು ಬಂದ್ನಲ್ಲ, ನನ್ನ ಬುದ್ಧಿಗಿಷ್ಟು!" ಎಂದು ಹಲುಬುತ್ತಲೇ ಅತ್ತಿಗೆ ತನ್ನ ಕೋಟು ಬಿಚ್ಚಿ ಪೆಟ್ಟಿಗೆಗಳ ಮೇಲೆ ಹೊದಿಸಿದಳು.

"ಡಕೋಟಾ ಅನ್ಬೇಡಿ. ನನ್ನ ಕಾರಿಗೆ ಬೇಜಾರಾಗುತ್ತೆ" ಎಂದಳು ನಾದಿನಿ. ಅವಳ ಕಣ್ಣು ಆಗಲೇ ಮಿನುಗತೊಡಗಿತ್ತು. ಲಿಫ್ಟ್ ರಿಪೇರಿ ಮಾಡುವವಳು. ಏನಾದರೂ ಕೆಟ್ಟು ನಿಂತರೆ ಅವಳಿಗೆ ಹಬ್ಬ. ಸಲಕರಣೆಯ ಚೀಲ ಬಿಟ್ಟು ಮದುವೆ ಮನೆಗೂ ಹೋಗದ ಹುಡುಗಿ.

ಫ್ಯೂಸಿನ ಮುಚ್ಚಳ ತೆಗೆದಳು. ಹೀಟರಿನ ಫ್ಯೂಸು ಎಳೆದು ಬೆಳಕಿಗೆ ಹಿಡಿದಳು. ಒಳಗಿನ ತಂತಿ ಇಡಿಯಾಗಿಯೇ ಇತ್ತು. "ಇದು ಬದುಕಿದೆ! ಸರಿ, ಮುಂದಿನದು." ಆಮೇಲೆ ಡ್ಯಾಶ್‌ಬೋರ್ಡಿನ ಕೈಪೆಟ್ಟಿಗೆಯ ಕೆಳಗೆ ತಲೆ ತೂರಿಸಿದಳು. ತಲೆ ಕೆಳಗೆ, ಬೂಟುಕಾಲು ಸೀಟಿನ ಮೇಲೆ, ಬಾಯಲ್ಲಿ ಟಾರ್ಚು. ಸ್ಕ್ರೂಡ್ರೈವರಿನ ಹಿಡಿಯಿಂದ ಫ್ಯಾನಿನ ಮೋಟರಿಗೆ ಟಕ್ ಟಕ್ ಎಂದು ಬಡಿದಳು. ಮುದಿ ಮೋಟರುಗಳು ಕೆಲವೊಮ್ಮೆ ಪೆಟ್ಟು ತಿಂದರೆ ಏಳುತ್ತವಂತೆ. ಇದು ಏಳಲಿಲ್ಲ.

"ಮೀಟರ್ ಕೊಡಿ ಅತ್ತಿಗೆ! ಹಳದಿ ಡಬ್ಬಿ! ಬೇಗ!"

ಕೊಟ್ಟಳು. ಕೆಳಗಿನಿಂದ ಸ್ವಲ್ಪ ಹೊತ್ತು ಬರೀ ಉಸಿರಾಟ. ಮೇಲಿನಿಂದ ಮರಿಗಳ ಕಿರುಚಾಟ. ಅತ್ತಿಗೆಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು.

"ಸಿಕ್ತು!" ಎಂದು ಕೆಳಗಿನಿಂದ ಕೂಗು ಬಂತು. "ಕರೆಂಟು ಮೋಟರ್ ತನಕ ಬರ್ತಾನೇ ಇಲ್ಲ! ದಾರೀಲೇ ಸತ್ತಿದೆ!"

"ಸತ್ತಿದೆ ಅನ್ನೋಕೆ ಇಷ್ಟು ಖುಷಿಯಾ ನಿಂಗೆ?"

"ಎಲ್ಲಿ ಸತ್ತಿದೆ ಅಂತ ಗೊತ್ತಾದ್ರೆ ಅರ್ಧ ಕೆಲಸ ಆದ ಹಾಗೆ. ಕೇಳಿ. ಫ್ಯಾನಿನ ನಾಬು ಎಷ್ಟರಲ್ಲಿದೆ?"

"ಎರಡರಲ್ಲಿ. ಹೊರಟಾಗಿನಿಂದ ಎರಡೇ."

"ನಾಲ್ಕಕ್ಕೆ ತಿರುಗಿಸಿ."

"ಆಗಲ್ಲ!" ಅತ್ತಿಗೆ ನಾಬಿನ ಮೇಲೆ ಅಂಗೈ ಮುಚ್ಚಿಯೇ ಬಿಟ್ಟಳು. "ಮರಿಗೆ ಗಾಳಿ ಬಡೀಬಾರ್ದು ಅಂತ ಎಷ್ಟು ಸಲ ಹೇಳಿದೀನಿ? ಚಳಿ ಆದ್ರೂ ಒಂದಿಷ್ಟು ಹೊತ್ತು ತಡೀತವೆ. ರಪ್ಪನೆ ಗಾಳಿ ಬಡಿದ್ರೆ ಮುಗೀತು. ನಾಲ್ಕರ ಮಾತೇ ಎತ್ತಬೇಡ ನನ್ನ ಹತ್ರ."

ನಾದಿನಿ ಕೆಳಗಿನಿಂದ ಎದ್ದಳು. ಕೂದಲು ಕೆದರಿತ್ತು, ಹಣೆಗೆ ಮಸಿ. "ಒಂದು, ಎರಡು, ಮೂರು, ಈ ಮೂರಕ್ಕೂ ಕರೆಂಟು ಒಂದು ಸಣ್ಣ ಬಿಲ್ಲೆ ದಾಟಿ ಬರುತ್ತೆ. ರೆಸಿಸ್ಟರ್ ಅಂತಾರೆ. ಅದು ಕರೆಂಟನ್ನ ತಡೆದು ತಡೆದು ಬಿಡುತ್ತೆ, ಅದಕ್ಕೇ ಫ್ಯಾನು ಮೆಲ್ಲಗೆ ತಿರುಗೋದು. ನಾಲ್ಕಕ್ಕೆ ಯಾರ ಹಂಗೂ ಇಲ್ಲ, ನೇರ ಹೋಗುತ್ತೆ. ಆ ಬಿಲ್ಲೆ ಸುಟ್ಟಿದ್ರೆ ನಾಲ್ಕೊಂದೇ ನಮಗೆ ಗತಿ. ಕೈ ತೆಗೀರಿ."

"ಆ ತಂತಿಗಳನ್ನೇ ಒಂದಕ್ಕೊಂದು ಸೇರಿಸಿ ಕಟ್ಟಿಬಿಡೇ. ನೀನು ಲಿಫ್ಟೇ ಎತ್ತೋಳು."

"ಕಟ್ಟಿದ್ರೆ ಬೆಂಕಿ ಹತ್ಕೊಳುತ್ತೆ. ಆಮೇಲೆ ಬೇಕಾದಷ್ಟು ಬಿಸಿ. ಕೈ ತೆಗೀರಿ ಅತ್ತಿಗೆ!"

ಅತ್ತಿಗೆ ಹಿಂದಕ್ಕೆ ತಿರುಗಿ ನೋಡಿದಳು. ಕೋಟಿನ ಕೆಳಗೆ ಕಿರುಚಾಟ ಇನ್ನೂ ಚೂಪಾಗಿತ್ತು. ಕಣ್ಣು ಮುಚ್ಚಿಕೊಂಡು ಕೈ ತೆಗೆದಳು.

ನಾಬು ನಾಲ್ಕಕ್ಕೆ ಬಂದದ್ದೇ ತಡ, ಡ್ಯಾಶ್‌ಬೋರ್ಡಿನ ಹೊಟ್ಟೆಯಿಂದ ಗೂಂ ಎಂದು ಸದ್ದೆದ್ದಿತು. "ತಿರುಗ್ತು! ತಿರುಗ್ತು!" ಎಂದು ಇಬ್ಬರೂ ಒಟ್ಟಿಗೇ ಕಿರುಚಿದರು. ಆದರೆ ಜಾಲರಿಗೆ ಕೈ ಹಿಡಿದರೆ ಬರುತ್ತಿದ್ದುದು ರೋಗಿಯ ಉಸಿರಿನಷ್ಟು ಗಾಳಿ.

"ಇಷ್ಟು ಸದ್ದಿಗೆ ಇಷ್ಟೇನಾ ಗಾಳಿ?" ನಾದಿನಿಯ ಹುಬ್ಬು ಗಂಟಿಕ್ಕಿತು. ಕೈಪೆಟ್ಟಿಗೆಯ ಹಿಂದಿನ ಸಣ್ಣ ಬಾಗಿಲು ತೆರೆದು, ಒಳಬರುವ ಗಾಳಿ ಸೋಸುವ ಫಿಲ್ಟರನ್ನು ಎಳೆದಳು. ಎಳೆದು ಅತ್ತಿಗೆಯ ಮುಖದ ಮುಂದೆ ಹಿಡಿದಳು. ಕಾಗದದ ಮಡಿಕೆಗಳು ಕಾಣುತ್ತಲೇ ಇರಲಿಲ್ಲ. ಮೇಲೆ ದಪ್ಪಗೆ ಹಳದಿ ತುಪ್ಪುಳ ಕೂತಿತ್ತು, ಹಾಸಿಗೆಯ ಹಾಗೆ.

"ಇದ್ಯಾರ ಆಸ್ತಿ ಅತ್ತಿಗೆ?"

ಅತ್ತಿಗೆ ಒಂದೆಳೆ ತುಪ್ಪುಳ ಕಿತ್ತು ಬೆರಳಲ್ಲಿ ಹೊಸಕಿದಳು.

"ಹೊರಗಿನ ಗಾಳಿ ಬೇಡ, ಒಳಗಿನದನ್ನೇ ಸುತ್ತಿಸೋ ಗುಂಡಿ ಒತ್ತಿದೋರು ಯಾರು?"

"ಬೆಚ್ಚಗಿರಲಿ ಅಂತ…"

"ಇವತ್ತು ಮಾತ್ರಾನಾ?"

"ಆ ಸಣ್ಣ ಪುಟ್ಟ ಆರ್ಡರ್‌ಗೆ ನಿನ್ನ ಕಾರು ಕೇಳಿ ಒಯ್ತಿದ್ನಲ್ಲ, ಆಗ್ಲೂ…" ಅತ್ತಿಗೆಯ ದನಿ ಇಳಿಯಿತು. ಪ್ರತಿ ಸಲವೂ ಒತ್ತಿದ್ದಳು. ಪ್ರತಿ ಸಲವೂ ಫ್ಯಾನು ಮರಿಗಳ ಮೈಯ ತುಪ್ಪುಳ ಹೀರಿ ಹೀರಿ ಇಲ್ಲಿ ತುಂಬಿತ್ತು. ಆ ಬಿಲ್ಲೆಯನ್ನು ತಂಪಾಗಿ ಇಡುವುದು ಅದರ ಮೇಲೆ ಹಾಯುವ ಗಾಳಿಯೇ ಅಂತೆ. ಗಾಳಿ ಕಟ್ಟಿತು, ಬಿಲ್ಲೆ ಕಾದು ಸುಟ್ಟಿತು.

"ಅಂದ್ರೆ ಡಕೋಟಾ ನನ್ನ ಕಾರಲ್ಲ" ಎಂದು ನಾದಿನಿ ಹಲ್ಲು ಕಿರಿದಳು.

"ಆಯ್ತಮ್ಮಾ ತಾಯಿ, ತಪ್ಪಾಯ್ತು, ನಿನ್ನ ಕಾರಿನ ಕಾಲಿಗೆ ಬೀಳ್ತೀನಿ. ಈಗ ಅದನ್ನ ಕೊಡವು!"

ನಾದಿನಿ ಫಿಲ್ಟರನ್ನು ಚಕ್ರಕ್ಕೆ ಚಚ್ಚಿದಳು. ತುಪ್ಪುಳವೆಲ್ಲ ರಸ್ತೆಯ ಮೇಲೆ ಹಾರಾಡಿತು. ಮತ್ತೆ ಕೂರಿಸಿ ನಾಬು ತಿರುಗಿಸಿದಳು. ಅಬ್ಬಬ್ಬಾ! ಬಿಸಿಗಾಳಿ ಭೋರೆಂದು ನುಗ್ಗಿ ಅತ್ತಿಗೆಯ ತಲೆವಸ್ತ್ರವನ್ನೇ ಹಾರಿಸಿಕೊಂಡು ಹೋಯಿತು. ಹಿಂದಿದ್ದ ಮರಿಗಳು ಒಮ್ಮೆಗೇ ಬೊಬ್ಬಿಟ್ಟವು.

"ಆರಿಸು! ಬಡೀತಿದೆ ಅವಕ್ಕೆ!"

"ಆರಿಸಿದ್ರೆ ಚಳಿ, ಹಾಕಿದ್ರೆ ಗಾಳಿ. ಯಾವುದು ಬೇಕು ಹೇಳಿ. ಇದಕ್ಕೆ ನನ್ನ ಚೀಲದಲ್ಲಿ ಮದ್ದಿಲ್ಲ. ಹೊಸ ಬಿಲ್ಲೆ ಬೇಕಂದ್ರೆ ಪೇಟೆಗೇ ಹೋಗ್ಬೇಕು."

ಆಗ ಅತ್ತಿಗೆಯ ತಲೆ ಓಡಿತು. ಮರಿ ಕೋಣೆಯಲ್ಲಿ ಅವಳು ಫ್ಯಾನನ್ನು ಮರಿಗಳತ್ತ ಯಾವತ್ತೂ ತಿರುಗಿಸುವುದಿಲ್ಲ, ಗೋಡೆಗೆ ಮುಖ ಮಾಡಿ ಇಡುತ್ತಾಳೆ. ಗಾಳಿ ಗೋಡೆಗೆ ಬಡಿದು ಸೊಕ್ಕು ಮುರಿದುಕೊಂಡು ಕೋಣೆ ತುಂಬುತ್ತದೆ. "ಏ, ಗಾಜಿಗೆ ಬಿಡೇ! ಎಲ್ಲಾ ಗಾಳಿ ಮುಂದಿನ ಗಾಜಿಗೆ ಬಿಡು! ನಡುವಿನ ಜಾಲರಿ ಮುಚ್ಚು!"

ನಾದಿನಿಯ ಕೈ ಆಗಲೇ ಗುಂಡಿಯತ್ತ ಹೋಗಿತ್ತು. "ಅತ್ತಿಗೇ! ಭೇಷ್!"

ಗಾಳಿ ಗಾಜಿಗೆ ಬಡಿಯಿತು. ಮಂಜು ಕರಗಿ ರಸ್ತೆ ಕಂಡಿತು, ಬಿಸಿ ಮೆಲ್ಲಗೆ ಹಿಂದಕ್ಕೆ ಹರಡಿತು. ಕಾರು ಹೊರಟೇ ಬಿಟ್ಟಿತು. ನಾಲ್ಕರ ಅಬ್ಬರದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದು. ಇಬ್ಬರೂ ಗಂಟಲು ಹರಿಯುವಂತೆ ಅರಚಿಕೊಂಡು ನಗುತ್ತಾ, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾ ಫಾರಂ ಮುಟ್ಟಿದರು. ನಾದಿನಿ ಇಂಜಿನ್ ಆರಿಸಿದಳು. ಫ್ಯಾನು ನಿಂತಿತು.

ಹಿಂದಿನಿಂದ ಒಂದು ಸದ್ದೂ ಇಲ್ಲ.

ಅತ್ತಿಗೆಯ ನಗು ಬಾಯಲ್ಲೇ ಒಣಗಿತು. ಕಿರುಚಾಟವೂ ಇಲ್ಲ, ಗೊಣಗಾಟವೂ ಇಲ್ಲ. ಇಳಿದು ಹಿಂದಿನ ಬಾಗಿಲು ತೆರೆದಳು, ಆದರೆ ಪೆಟ್ಟಿಗೆಯ ಮುಚ್ಚಳ ಎತ್ತಲು ಕೈ ಬರಲಿಲ್ಲ. ನಾದಿನಿಯೇ ಎತ್ತಿದಳು. ಒಳಗೆ ಮರಿಗಳು ಕಾಲು ಚಾಚಿ, ಕತ್ತು ಚೆಲ್ಲಿ, ಚಪ್ಪಟೆಯಾಗಿ ಬಿದ್ದಿದ್ದವು. "ಅತ್ತಿಗೆ… ನಾಲ್ಕು ಹಾಕ್ಬೇಡ ಅಂದ್ರಿ ನೀವು. ನಾನೇ ಹಟ ಮಾಡಿ…" ಎನ್ನುತ್ತಾ ಆ ಗಟ್ಟಿಗಿತ್ತಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತಳು. ಅತ್ತಿಗೆಯ ಕಣ್ಣಿಗೆ ಟಿಕೆಟ್ ಕೌಂಟರಿನ ಗಾಜಿನ ಕಿಂಡಿ ಬಂದು ನಿಂತಿತು.

ರಬ್ಬರ್ ಬೂಟಿನ ಫಾರಂ ಯಜಮಾನ ನಡೆದು ಬಂದ. ಪೆಟ್ಟಿಗೆಯೊಳಗೆ ಇಣುಕಿದ, ಇವರಿಬ್ಬರ ಮುಖ ನೋಡಿದ, ಮತ್ತೆ ಪೆಟ್ಟಿಗೆಗೆ ಇಣುಕಿದ.

"ಏನಮ್ಮಾ, ಮರಿ ಮಾಡೋಳು ನೀನೇ ತಾನೆ? ಚಳಿ ತಿಂದ ಮರಿ ಒಂದರ ಮೇಲೊಂದು ರಾಶಿ ಬಿದ್ದಿರುತ್ತೆ. ಹೀಗೆ ಕೈಕಾಲು ಬಿಟ್ಕೊಂಡು ಮಲಗುತ್ತಾ? ಒಳ್ಳೇ ಬೀಗರ ಥರ ಬಿದ್ಕೊಂಡಿವೆ, ನೋಡು!" ಎಂದು ಒಂದರ ಹೊಟ್ಟೆಗೆ ಬೆರಳು ತಾಕಿಸಿದ.

ಅದು ಕಣ್ಣು ಬಿಟ್ಟಿತು. ಕತ್ತೆತ್ತಿತು. ಬೆರಳಿಗೆ ಒಂದು ಕುಕ್ಕಿತು. ಪಕ್ಕದ್ದು ಎದ್ದಿತು, ಅದರ ಪಕ್ಕದ್ದು ಎದ್ದಿತು, ನೋಡನೋಡುತ್ತಿದ್ದಂತೆ ಪೆಟ್ಟಿಗೆಗೆ ಪೆಟ್ಟಿಗೆಯೇ ಎದ್ದು ಕೂಗತೊಡಗಿತು. ನಾದಿನಿ ಅಳುವುದು ನಿಲ್ಲಿಸಲೋ ನಗಲೋ ತಿಳಿಯದೆ ಬಿಕ್ಕಳಿಸಿದಳು. ಬೆಚ್ಚಗಾದ ಮರಿ ಸತ್ತ ಹಾಗೆ ಮಲಗುತ್ತದೆ ಎಂದು ಕಂಡಕಂಡವರಿಗೆಲ್ಲ ಪಾಠ ಹೇಳಿದವಳು ಅತ್ತಿಗೆ. ತನ್ನ ಮರಿಗಳ ವಿಷಯದಲ್ಲಿ ಅಷ್ಟೂ ಮರೆತೇ ಹೋಗಿತ್ತು.

"ಎಲ್ಲಾ ಬದುಕಿವೆ" ಎಂದು ಯಜಮಾನ ಒಂದೊಂದೇ ಮುಚ್ಚಳ ಎತ್ತಿ ನೋಡಿ ಹೇಳಿದ. "ಮುಂದಿನ ತಿಂಗಳು ಇದರ ಎರಡರಷ್ಟು ಬೇಕು. ಆಗುತ್ತಾ ನಿನ್ನ ಕೈಲಿ?"

"ಆಗುತ್ತೆ!" ಎಂದಳು ಅತ್ತಿಗೆ. ಮೇಲಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು, ಅಳುತ್ತಾ ನಗುತ್ತಾ, ಯಜಮಾನನಿಗಿಂತ ಮುಂದಾಗಿ ಷೆಡ್ಡಿನತ್ತ ಓಡಿದಳು.