ಓ ಎಂದರೆ ಸಾಕು

ತದಡಿಯಲ್ಲಿ ದೋಣಿ ಕಟ್ಟುವ ದಕ್ಕೆಯಿಂದ ಮೇಲೆ ಬಂದರೆ ಮೊದಲು ಸಿಗುವ ಓಣಿಯಲ್ಲಿ ಮಾಬ್ಲನ ಮನೆ. ಶನಿವಾರ ಸಂಜೆ ಅಲ್ಲಿ ಭಜನೆ. ದೋಣಿಗೆ ಹೋಗುವವರು, ಮೀನು ಮಾರುವವರು, ಎಲ್ಲರೂ ಮಿಂದು ಬಂದು ಜಗಲಿಯಲ್ಲಿ ಕೂರುತ್ತಾರೆ. ಮುಂದೆ ಹೇಳುವವಳು ಮಾಬ್ಲನ ಹೆಂಡತಿ ಮಂಜಿ. ಅವಳು ಒಂದು ಸಾಲು ಹೇಳಬೇಕು, ಉಳಿದವರು ಅದನ್ನೇ ಎತ್ತಿ ಹಾಡಬೇಕು. ಹಾಡು ಅವಳ ತಾಯಿ ಕಟ್ಟಿದ್ದು:

ದಡವ ತೋರೋ ದೇವ, ದೋಣಿ ನಿನ್ನದು
ಅಲೆಯ ಮೇಲೆ ನಾವು, ಹಗ್ಗ ನಿನ್ನದು

ಎರಡು ಸಾವಿರದ ಎರಡರ ಬೇಸಿಗೆಯಲ್ಲಿ ಮಂಜಿಯ ಗಂಟಲಲ್ಲಿ ಗಡ್ಡೆ ಕಂಡಿತು. ಜೀವ ಉಳಿಯಬೇಕಾದರೆ ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಪರೇಷನ್ನಿಗೆ ಹೋಗುವ ಮುಂಚೆ ಅವಳ ತಂಗಿಯ ಮಗ ಅಜಯ ಟೇಪ್‌ರೆಕಾರ್ಡರ್ ಹಿಡಿದು ಬಂದು ಎದುರಿಗೆ ಕೂತ. ಅವನು ಕುಮಟೆಯಲ್ಲಿ ಕಂಪ್ಯೂಟರ್ ಕಲಿಸುವವನು. ಕೆಮ್ಮುತ್ತ, ನೀರು ಕುಡಿಯುತ್ತ, ಮಂಜಿ ಅಷ್ಟೂ ಹಾಡನ್ನು ಹೇಳಿ ಮುಗಿಸಿದಳು. ಆಮೇಲೆ ಅವಳ ಬಾಯಿಂದ ಮಾತು ಬರಲಿಲ್ಲ. ಕುತ್ತಿಗೆಯ ತೂತನ್ನು ಸೆರಗಿನಿಂದ ಮುಚ್ಚಿಕೊಂಡು ಮನೆಗೆ ಬಂದಳು. ಶನಿವಾರ ಬಂದರೆ ಒಳಗೆ ಒಲೆಯ ಹತ್ತಿರ ಕೂರುತ್ತಿದ್ದಳು. ಜಗಲಿಗೆ ಬರುತ್ತಿರಲಿಲ್ಲ.

ಒಮ್ಮೆ ಮಾಬ್ಲ ಆ ಕ್ಯಾಸೆಟ್ಟನ್ನೇ ಹಾಕಿ ನೋಡಿದ. ಕ್ಯಾಸೆಟ್ಟು ತನ್ನ ಪಾಡಿಗೆ ಓಡಿತು. ಇವರು ಮೊದಲನೆಯ ಸಾಲನ್ನು ಎಳೆಯುತ್ತಿರುವಾಗಲೇ ಅದು ಎರಡನೆಯದಕ್ಕೆ ಹೋಗಿತ್ತು.

"ಅದು ನಮ್ಗೆ ಕಾಯೂದಿಲ್ಲ ಕಾಣು" ಎಂದಳು ಪಕ್ಕದ ಮನೆಯ ನಾಗಮ್ಮ. ಅವಳು ಒಳಗೆ ಇಣುಕಿ, "ಮಂಜಕ್ಕ, ನೀ ಬಂದು ಸುಮ್ನೆ ಕೂತ್ಕೊ. ಹೇಳೂದು ನಾ ಹೇಳ್ತೆ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ಮಂಜಿ ಮುಖ ತಿರುಗಿಸಿದಳು.

ಅದನ್ನು ನೋಡಿದ ಅಜಯನಿಗೆ ಮನಸ್ಸು ತಡೆಯಲಿಲ್ಲ. ತಾನು ಕಲಿಸುವ ಕೇಂದ್ರದಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದ. ಮಂಜಿಯ ದನಿಯನ್ನು ಸಾಲು ಸಾಲಾಗಿ ಬಿಡಿಸಿ ಅದರೊಳಗೆ ಇಟ್ಟ. ಅಕ್ಷರ ಬಾರದ ಅವಳಿಗೆಂದು ಕೀಬೋರ್ಡಿನ ಮೇಲೆ ಹಣೆಗಿಡುವ ಬಣ್ಣದ ಟಿಕ್ಲಿ ಅಂಟಿಸಿದ. ಕೆಂಪು ಒತ್ತಿದರೆ ಮೊದಲ ಸಾಲು, ಹಸಿರು ಒತ್ತಿದರೆ ಎರಡನೆಯದು, ಹೀಗೆ. ಪರದೆಯ ಮೇಲೆ ಒಂದು ದೀಪ ಬರೆದ, ಅದರ ಕುಡಿ ಅಲುಗುತ್ತಿರಬೇಕು. ಆ ಹಳೆಯ ಯಂತ್ರಕ್ಕೆ ಹೊರಗಿನ ದೊಡ್ಡ ಸಾಫ್ಟ್‌ವೇರ್ ಭಾರವಾದ್ದರಿಂದ ಪ್ರೋಗ್ರಾಮನ್ನು ಬುಡದಿಂದ ತಾನೇ ಬರೆದ.

ಅದರ ನಡೆ ದೇವಸ್ಥಾನದ ಪ್ರದಕ್ಷಿಣೆಯಂತೆ. ಒಂದು ಸುತ್ತು ಬರುವುದು, ಯಾರಾದರೂ ಕೀ ಒತ್ತಿದರೋ ಎಂದು ನೋಡುವುದು, ದೀಪದ ಕುಡಿಯನ್ನು ಒಂದಿಷ್ಟು ಅಲುಗಿಸುವುದು, ಮತ್ತೆ ಸುತ್ತು. ಇದಕ್ಕೆ ಲೂಪ್ ಎನ್ನುತ್ತಾರೆ. ಕೀ ಒತ್ತಿದ್ದು ಕಂಡರೆ ಯಾವ ಕೆಲಸಕ್ಕೆ ಹೋಗಬೇಕೆಂದು ಮೊದಲೇ ಹೇಳಿಟ್ಟಿರಬೇಕು. ಅದು ಕಾಲ್‌ಬ್ಯಾಕ್. ಕೆಲಸ ಮುಗಿಸಿ ಅದು ಹಿಂದಿರುಗಿದ ಮೇಲೆ ಸುತ್ತು ಮುಂದುವರಿಯುತ್ತದೆ.

ಶ್ರಾವಣದ ಮೊದಲ ಶನಿವಾರ ಮಂಜಿ ಜಗಲಿಗೆ ಬಂದಳು. ಹಣೆಗೆ ಕುಂಕುಮ, ತಲೆಗೆ ಅಬ್ಬಲಿಗೆ ಹೂ. ಕೆಂಪು ಒತ್ತಿದಳು.

"ದಡವ ತೋರೋ ದೇವ..."

ಅವಳದೇ ದನಿ. ಮಾಬ್ಲ ಒದ್ದೆಗಣ್ಣು ಕಾಣದಂತೆ ಬಾಗಿಲ ಕಡೆ ನೋಡುತ್ತ ತಾಳ ಹಾಕಿದ. ಜನ ಎತ್ತಿಕೊಂಡರು. ಹುರುಪಿಗೆ ಸ್ವಲ್ಪ ಬೇಗನೇ ಎತ್ತಿಕೊಂಡರು. ಮಂಜಿ ಹಸಿರು ಒತ್ತಿದಳು. ಎರಡನೆಯ ಸಾಲು ಬರಲಿಲ್ಲ, ಮೊದಲ ಸಾಲಿನ ಎಳೆತವೇ ಇನ್ನೂ ಕೇಳುತ್ತಿತ್ತು. ಇನ್ನೊಮ್ಮೆ ಒತ್ತಿದಳು, ಗಾಬರಿಯಲ್ಲಿ ಮತ್ತೂ ಒತ್ತಿದಳು. ಮೊದಲನೆಯದು ಮುಗಿದದ್ದೇ ತಡ, ಒತ್ತಿದ ಒತ್ತೆಲ್ಲ ಸರತಿಯಲ್ಲಿ ಕಾದಿದ್ದಂತೆ ಒಂದರ ಹಿಂದೆ ಒಂದು ಬಂತು. ಅಲೆಯ ಮೇಲೆ ನಾವು, ಅಲೆಯ ಮೇಲೆ ನಾವು, ಅಲೆಯ ಮೇಲೆ ನಾವು. ಹಾಡುವವರ ಬಾಯಿ ಕಟ್ಟಿತು. ಹಿಂದೆ ಯಾರೋ ಕಿಸಕ್ಕೆಂದರು.

ಮಂಜಿ ಎದ್ದು ಒಳಗೆ ಹೋದಳು.

"ತಮಾ, ಒಂದು ಕೇಳ್ತೆ" ಎಂದಳು ನಾಗಮ್ಮ, ಅಜಯನಿಗೆ. "ಅದು ಹಾಡೂವಾಗ ಆ ದೀಪ ಎಂತಕ್ಕೆ ಕಲ್ಲಿನ ಹಾಂಗೆ ನಿಂತ್ಕಂಡಿತ್ತು?"

ಅಜಯನೂ ಅದನ್ನೇ ನೋಡುತ್ತಿದ್ದ. ದೀಪ ನಿಂತಿತೆಂದರೆ ಸುತ್ತು ನಿಂತಿತೆಂದು ಅರ್ಥ.

ಬೆಳಿಗ್ಗೆ ಮಂಜಿ ಹಿತ್ತಲಲ್ಲಿ ಮೆಟ್ಟುಗತ್ತಿಯ ಮಣೆಯ ಮುಂದೆ ಕೂತು ಬಂಗಡೆ ಮೀನು ಕೊಯ್ಯುತ್ತಿದ್ದಳು. ಅಜಯ ಚಾ ಕುಡಿಯುತ್ತ ಪಕ್ಕದಲ್ಲಿ ಕೂತ. ಅವಳು ಅವನನ್ನು ನೋಡಿ, ಜಗಲಿಯ ಕಡೆ ಕೈ ತೋರಿಸಿ, ಒಂದು ಬೆರಳೆತ್ತಿ, ಆಮೇಲೆ ಎರಡೂ ಕೈ ಕೊಡವಿದಳು.

"ಇನ್ನೊಂದೇ ಸಲ. ಆಗದಿದ್ರೆ ನಾಗಮ್ಮನೇ ಹೇಳ್ಲಿ. ಹಾಂಗಾ, ದೊಡ್ಡಮ್ಮ?"

ಅವಳು ಹೌದೆಂದು ತಲೆಯಾಡಿಸಿದಳು. ಕಣ್ಣು ತುಂಬಿತ್ತು. ಅಷ್ಟರಲ್ಲಿ ಒಳಗಿನಿಂದ ಮಾಬ್ಲ, "ಏ, ನನ್ ಲುಂಗಿ ಎಲ್ಲಿಟ್ಟೆ?" ಎಂದು ಕೂಗಿದ. ಮಂಜಿ ಕತ್ತಿಯ ಮಣೆಯನ್ನು ಬೆರಳ ಗೆಣ್ಣಿನಿಂದ ಟಕ್ಕೆಂದು ಬಡಿದಳು. ಕೈಯಲ್ಲಿನ ಬಂಗಡೆ ಬಿಡಲಿಲ್ಲ. ಬೇಲಿಯಾಚೆಯಿಂದ ನಾಗಮ್ಮ, "ಮಂಜಕ್ಕ, ಹುಣಸೆಹಣ್ಣು ಉಂಟನ?" ಎಂದಳು. ಮತ್ತೊಂದು ಟಕ್ಕು. ದನಿಯಿದ್ದಾಗ ಅವಳು ಓ ಎನ್ನುತ್ತಿದ್ದಳು, ಈಗ ಮಣೆ ಓ ಎನ್ನುತ್ತಿತ್ತು. ಅವಳಿಗೆ ಕೇಳಿಸಿತೆಂದು ಕರೆದವರಿಗೆ ಗೊತ್ತಾಯಿತು, ಮತ್ತೆ ಕೂಗಲಿಲ್ಲ. ಕೈ ಬಿಡುವಾದಾಗ ಅವಳು ಎದ್ದು ಲುಂಗಿ ಕೊಟ್ಟಳು, ಹುಣಸೆಹಣ್ಣನ್ನೂ ಬೇಲಿ ದಾಟಿಸಿದಳು.

ಅಜಯನ ಚಾ ಆರಿಹೋಯಿತು. ತನ್ನ ಕಾಲ್‌ಬ್ಯಾಕ್ ಏನು ಮಾಡುತ್ತಿದೆಯೆಂದು ಅವನಿಗೆ ಹೊಳೆದಿತ್ತು. ಕರೆದಾಗ ಓ ಎಂದು ಹಿಂದಿರುಗುವ ಬದಲು, ಸಾಲು ಪೂರಾ ಹಾಡಿ ಮುಗಿಯುವ ತನಕ ಅಲ್ಲೇ ಕೂತುಬಿಡುತ್ತಿತ್ತು. ಅಷ್ಟು ಹೊತ್ತು ದೀಪವೂ ಅಲುಗದು, ಇನ್ನೊಂದು ಕರೆಯೂ ಕೇಳದು.

ಅವತ್ತೇ ಪ್ರೋಗ್ರಾಮನ್ನು ಬಿಚ್ಚಿ ಬರೆಯಲು ಕೂತ. ಕೀ ಒತ್ತಿದರೆ ಕಾಲ್‌ಬ್ಯಾಕ್ ಇಷ್ಟು ಮಾಡಿದರೆ ಸಾಕು: ಯಾವ ಸಾಲು ಬೇಕೆಂದು ಗುರುತಿಟ್ಟು ಹಿಂದಿರುಗಬೇಕು. ಹಾಡುವುದು ಸುತ್ತಿನ ಕೆಲಸ. ಅದು ಒಂದೊಂದು ಸುತ್ತಿಗೂ ದನಿಯ ಒಂದೊಂದು ತುಣುಕನ್ನು ಸ್ಪೀಕರಿಗೆ ಕೊಡುತ್ತ, ಕುಡಿಯನ್ನು ಅಲುಗಿಸುತ್ತ, ಯಾರು ಕರೆದರೆಂದು ನೋಡುತ್ತ ಹೋಗಬೇಕು.

ಒಂದು ಪ್ರಶ್ನೆ ಉಳಿಯಿತು. ಅದನ್ನು ಅವನು ಮಂಜಿಯನ್ನೇ ಕೇಳಿದ. "ದೊಡ್ಡಮ್ಮ, ಒಂದು ಸಾಲು ಹೇಳ್ತಾ ಇಪ್ಪಾಗ ನೀ ಮತ್ತೆ ಒತ್ತಿದ್ರೆ ಎಂತ ಮಾಡ್ಲಿ? ಮೊದಲಿನದ್ದು ಮುಗೀಲನ?"

ಮಂಜಿ ಅಂಗೈಯನ್ನು ಕತ್ತಿಯಂತೆ ಬೀಸಿದಳು.

"ನಿನ್ನ ದನಿಯನ್ನೇ ಕತ್ತರ್ಸೂದಾ? ಕೇಳೂಕೆ ಚಂದ ಇರೂದಿಲ್ಲ."

ಅವಳು ಇನ್ನೂ ಜೋರಾಗಿ ಬೀಸಿದಳು. ಅವನು ಹಾಗೇ ಬರೆದ.

ಮುಂದಿನ ಶನಿವಾರ ಜಗಲಿ ತುಂಬಿತ್ತು. ಭಕ್ತಿಗೆ ಬಂದವರ ಜೊತೆ ತಮಾಷೆ ನೋಡಲು ಬಂದವರೂ ಇದ್ದರು. ನಾಗಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದಳು, ಯಂತ್ರ ಕೈಕೊಟ್ಟರೆ ಹಾಡು ನಿಲ್ಲಬಾರದಲ್ಲ. ಮಂಜಿ ದೇವರಿಗೆ ಕೈ ಮುಗಿದು, ಆಮೇಲೆ ಕೀಬೋರ್ಡನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡು, ಕೆಂಪು ಒತ್ತಿದಳು.

"ದಡವ ತೋರೋ ದೇವ..."

ಪರದೆಯ ಮೇಲೆ ಕುಡಿ ಅಲುಗುತ್ತಲೇ ಇತ್ತು. ಜನ ಎತ್ತಿಕೊಂಡರು. ಹಸಿರು ಒತ್ತಿದಳು, ಎರಡನೆಯ ಸಾಲು ಸರಿಯಾಗಿ ಬಂತು. ಮತ್ತೆ ಕೆಂಪಿಗೆ ಬಂದಳು. ಅರ್ಧ ಸಾಲಾಗಿರಬೇಕು, ಕೆಂಪನ್ನೇ ಇನ್ನೊಮ್ಮೆ ಒತ್ತಿದಳು. ದನಿ ನಡುವೆಯೇ ತುಂಡಾಗಿ ಮೊದಲಿನಿಂದ ಶುರುವಾಯಿತು. ಮತ್ತೆ ಅರ್ಧಕ್ಕೆ ಬಂದಾಗ ಮತ್ತೆ ತುಂಡು.

"ಆತು. ಮತ್ತೆ ಹಾಳಾತನ, ತಮಾ?" ಎಂದಳು ನಾಗಮ್ಮ.

ಅಜಯ ಯಂತ್ರದ ಹತ್ತಿರ ಬಂದ. ಬಗ್ಗಿ ನೋಡಿದ. ಯಂತ್ರಕ್ಕೆ ಏನೂ ಆಗಿರಲಿಲ್ಲ. ಮಂಜಿ ಪರದೆಯನ್ನೂ ನೋಡುತ್ತಿರಲಿಲ್ಲ, ಕೀಬೋರ್ಡನ್ನೂ ನೋಡುತ್ತಿರಲಿಲ್ಲ. ಅವಳ ದೃಷ್ಟಿ ಮಾಬ್ಲನ ಕೈಯ ತಾಳದ ಮೇಲಿತ್ತು.

ಮಾಬ್ಲ ತಾಳ ನಿಲ್ಲಿಸಿದ. ಹೆಂಡತಿಯ ಮುಖ ನೋಡಿ, ಹಿಂದಕ್ಕೆ ತಿರುಗಿದ.

"ಯಂತ್ರ ಹಾಳಾಗ್ಲಿಲ್ಲ ಮಾರಾಯ್ತಿ" ಎಂದ ನಾಗಮ್ಮನಿಗೆ. "ನನ್ನ ತಾಳ ಓಡ್ತಾ ಇತ್ತು. ಅದ್ಕೆ ಇವ್ಳು ಸಾಲು ಕಡ್ದು ನನ್ಗೆ ಬೈತಾ ಇದ್ಳು."

ಜಗಲಿ ನಕ್ಕಿತು. ಮಂಜಿ ನಗಲಿಲ್ಲ, ಹುಬ್ಬೆತ್ತಿ ಕಾದಳು. ಮಾಬ್ಲ ತಾಳವನ್ನು ನಿಧಾನಕ್ಕೆ, ಅವಳಿಗೆ ಬೇಕಾದಷ್ಟೇ ನಿಧಾನಕ್ಕೆ ಹಿಡಿದ. ಅದು ಹದಕ್ಕೆ ಬಂದಾಗ ಅವಳು ಕೆಂಪು ಒತ್ತಿದಳು. ನಾಗಮ್ಮ ಎದ್ದು ಹಿಂದಿನ ಸಾಲಿಗೆ ಹೋಗಿ ಕೂತು, ಎಲ್ಲರ ಜೊತೆ ಹಾಡನ್ನು ಎತ್ತಿಕೊಂಡಳು.